ಗ್ರಾಮ ಪಂಚಾಯಿತಿಯ ದಾಖಲೆಗಳು ಮತ್ತು ಮಾಹಿತಿ ಹಕ್ಕು

ಕರ್ನಾಟಕದ ಗ್ರಾಮ ಪಂಚಾಯಿತಿಗಳ ವಶದಲ್ಲಿರುವ ಲೆಕ್ಕಪತ್ರ, ಸಭಾನಡವಳಿ, ಕಾಮಗಾರಿಯ ಅಂದಾಜುಪಟ್ಟಿ ಮೊದಲಾದ ದಾಖಲೆಗಳನ್ನು ಪರಿಶೀಲಿಸುವುದಕ್ಕೂ ಅವುಗಳ ನಕಲನ್ನು ಪಡೆಯುವುದಕ್ಕೂ ಪ್ರಜೆಗಿರುವ ಅಧಿಕಾರವು, ರಾಜ್ಯವು 2000ದಲ್ಲಿಯೇ ತನ್ನದೊಂದು ಶಾಸನವನ್ನು ರಚಿಸಿದ್ದಿತಾದರೂ, ಈಗ 2005ರ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂದ ಕೇಂದ್ರದ ಮಾಹಿತಿ ಹಕ್ಕು ಅಧಿನಿಯಮವನ್ನು ಆಧರಿಸಿದೆ.

ಪಂಚಾಯಿತಿಯಲ್ಲಿ ಸಾರ್ವಜನಿಕ ಮಾಹಿತಿ ಅಧಿಕಾರಿಯಾಗಿರುವವರು ಸಾಮಾನ್ಯವಾಗಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಜನರ ಮಾತಿನಲ್ಲಿ ಪಿಡಿಒ. ಇವರ ಹೆಸರು, ಪದನಾಮಗಳನ್ನು ಕಚೇರಿಯು ತಾನಾಗಿಯೇ ಪ್ರಕಟಿಸಬೇಕೆಂದು 4ನೆಯ ಪ್ರಕರಣವು ವಿಧಿಸಿರುವುದರಿಂದ, ಯಾರನ್ನು ಕೇಳಬೇಕೆಂದು ಅರಸಿ ಅಲೆಯುವ ಕಷ್ಟವು ನ್ಯಾಯವಾಗಿ ಅರ್ಜಿದಾರನದಾಗಕೂಡದು. 10 ರೂಪಾಯಿ ಶುಲ್ಕದೊಡನೆ (ಬಡತನದ ರೇಖೆಯ ಕೆಳಗಿರುವವರಿಗೆ ಅದೂ ಇಲ್ಲ) ಸಲ್ಲಿಸುವ ಅರ್ಜಿಯು, ರಾಜ್ಯದ ನಿಯಮದಂತೆ, ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರತಕ್ಕದ್ದು. ಕಾರಣವನ್ನು ತಿಳಿಸಬೇಕಾದುದಿಲ್ಲ. ಬರೆಯಲಾರದವನು ಬಾಯಲ್ಲಿ ಹೇಳಿದುದನ್ನು ಲಿಖಿತರೂಪಕ್ಕಿಳಿಸಲು ಅಧಿಕಾರಿಯೇ ನೆರವಾಗಬೇಕೆಂಬ ವಿಧಿಯು ಈ ಶಾಸನದ ಅತ್ಯಂತ ಮಾನವೀಯವಾದ ಅಂಶ.

ಉತ್ತರಕ್ಕೆ 30 ದಿನಗಳ ಅವಧಿ. ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಮಾಹಿತಿ ದೊರೆಯದಿದ್ದಲ್ಲಿ ಪ್ರಥಮ ಮೇಲ್ಮನವಿಯನ್ನು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೂ, ದ್ವಿತೀಯ ಮೇಲ್ಮನವಿಯನ್ನು 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೂ ಸಲ್ಲಿಸಬಹುದು. ಸಕಾರಣವಿಲ್ಲದೆ ವಿಳಂಬಿಸಿದ ಅಧಿಕಾರಿಗೆ ಆಯೋಗವು ದಿನವೊಂದಕ್ಕೆ 250 ರೂಪಾಯಿಯಂತೆ, 25,000ವನ್ನು ಮೀರದಂತೆ, ದಂಡ ವಿಧಿಸತಕ್ಕದ್ದು.