ಡ್ರೈಸೂಟ್ ಫಿನ್ ಮತ್ತು ಬೂಟು

ಡ್ರೈಸೂಟ್ ಫಿನ್ ಮತ್ತು ಬೂಟು: ಮೈಗೆ ನೀರು ತಾಗದಂತೆ ತಡೆಯುವ ಉಡುಪು ತೊಟ್ಟು ಸ್ಕೂಬಾ ಡೈವಿಂಗ್ ಮಾಡುವವರ ಪಾದಸಾಧನಗಳು. ನೀರು ವರ್ಷವಿಡೀ 2ರಿಂದ 4 ಡಿಗ್ರಿ ಸೆಲ್ಸಿಯಸ್ ಇರುವ ಐಸ್‌ಲ್ಯಾಂಡಿನ ಸಿಲ್ಫ್ರಾದಂಥ ತಾಣಗಳಲ್ಲಿ ಇವು ಬಳಕೆಯಲ್ಲಿವೆ. ಬೂಟಿನಲ್ಲಿ ಎರಡು ಬಗೆ: ಉಡುಪಿಗೇ ಅಂಟಿಸಿದ್ದು, ಉಡುಪಿನ ಮೆತ್ತನೆಯ ಕಾಲುಚೀಲದ ಮೇಲೆ ಲೇಸು ಬಿಗಿದು ಹಾಕುವಂಥದ್ದು.

ಆಯ್ಕೆ ಬೂಟಿನಿಂದ ಶುರುವಾಗುವುದೇ ಸರಿ. ಉಣ್ಣೆಯ ಕಾಲುಚೀಲ, ಅದರ ಮೇಲೆ ಉಡುಪು, ಮತ್ತೆ ದಪ್ಪ ಅಟ್ಟೆ ಸೇರಿದಾಗ ಪಾದ ಎಷ್ಟು ಅಗಲವಾಗುತ್ತದೆಂಬುದನ್ನು ಚಪ್ಪಲಿಯ ಅಳತೆ ಹೇಳಲಾರದು. ಹಿಮ್ಮಡಿ ತೆರೆದ, ಪಟ್ಟಿಯಿರುವ ಫಿನ್ನನ್ನು ಬೂಟು ತೊಟ್ಟೇ ಹಾಕಿ ನೋಡಬೇಕು. ಬಿಗಿಯಾದರೆ ರಕ್ತಸಂಚಾರ ಕುಗ್ಗಿ ಬೆರಳು ಮರಗಟ್ಟುತ್ತವೆ. ಹಾಗೆಂದು ಸಡಿಲವಾದ ಬೂಟು ಕ್ಷೇಮವೆಂದಲ್ಲ: ತಲೆಕೆಳಗಾದಾಗ ಉಡುಪಿನ ಗಾಳಿ ಕಾಲಿಗೇರಿ ಬೂಟನ್ನು ಉಬ್ಬಿಸುತ್ತದೆ, ಪಾದ ಜಾರುತ್ತದೆ, ಫಿನ್ನೂ ಕಳಚಬಹುದು. ಲೇಸಿನ ಬೂಟು ಈ ಗಾಳಿಗೆ ಜಾಗ ಕೊಡುವುದು ಕಡಿಮೆ.

ಗಾಳಿಯಿಂದ ತೇಲುವ ಕಾಲನ್ನು ತಗ್ಗಿಸಲು 1960ರ ದಶಕದ ಜೆಟ್ ಫಿನ್ ಮಾದರಿಯ ಗಿಡ್ಡ, ಭಾರದ ರಬ್ಬರ್ ಫಿನ್ ನೆರವಾಗುತ್ತದೆ. ವಿಮಾನದ ಸಾಮಾನಿನಲ್ಲಿ ಅದು ಹೊರೆಯೆಂಬ ಆಕ್ಷೇಪ ನಿಜ. ಆದರೆ ಹಗುರ ಪ್ಲಾಸ್ಟಿಕ್ ಫಿನ್ನಿಗೆ ಕಣಕಾಲಿನ ತೂಕ ಕಟ್ಟಬೇಕಾಗಿ ಬಂದರೆ ಉಳಿತಾಯವೇನೂ ಉಳಿಯದು. ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಕಾಲು ಮೊದಲೇ ಮುಳುಗುವವರನ್ನು ಭಾರದ ಫಿನ್ ಇನ್ನಷ್ಟು ನೆಟ್ಟಗೆ ನಿಲ್ಲಿಸಿ ನೀರಿನ ಎಳೆತ ಹೆಚ್ಚಿಸುತ್ತದೆ. ಅಂಥವರಿಗೆ ಹಗುರ ಫಿನ್ನೇ ಯೋಗ್ಯ. ಹಿಮ್ಮಡಿಗೆ ಸ್ಪ್ರಿಂಗ್ ಪಟ್ಟಿಯಿದ್ದರೆ ದಪ್ಪ ಕೈಗವಸಿನಲ್ಲೂ ಎಳೆದು ಹಾಕಬಹುದು.