ತೆಂಗಿನ ಹಿಟ್ಟಿನ ಕುಕ್ಕಿ

ತೆಂಗಿನಕಾಯಿಯ ತುರಿಯಿಂದ ಹಾಲು ಅಥವಾ ಎಣ್ಣೆ ತೆಗೆದ ಮೇಲೆ ಉಳಿಯುವ ಭಾಗವನ್ನು ಒಣಗಿಸಿ ನುಣ್ಣಗೆ ಪುಡಿಮಾಡಿದ ಹಿಟ್ಟಿನಿಂದ ಓವನ್‌ನಲ್ಲಿ ಬೇಯಿಸುವ ಸಿಹಿ ಬಿಸ್ಕತ್ತು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ತೆಂಗಿನಲ್ಲಿ ಇಲ್ಲ. ಹಾಗಾಗಿ ಸೀಲಿಯಾಕ್ ಕಾಯಿಲೆ ಇರುವವರೂ ಗೋಧಿ ಒಗ್ಗದವರೂ ತಿನ್ನಬಹುದಾದ ಬೇಕರಿ ತಿಂಡಿಗಳಲ್ಲಿ ಇದೂ ಸೇರಿದೆ. ಮೈದಾ ಇದ್ದ ಕಡೆ ತೆಂಗಿನ ಹಿಟ್ಟು ಹಾಕಿದರೆ ಆಯಿತು ಎಂದುಕೊಂಡು ಶುರುಮಾಡಿದವರ ಕೈಯಲ್ಲಿ ಕುಕ್ಕಿ ಮರಳಿನಂತೆ ಉದುರುತ್ತದೆ. ನೋಡುವುದಕ್ಕೆ ಬಿಳಿ ಪುಡಿ ಎಂಬುದನ್ನು ಬಿಟ್ಟರೆ ಈ ಎರಡು ಹಿಟ್ಟುಗಳಿಗೆ ಹೋಲಿಕೆ ತೀರ ಕಡಿಮೆ. ತೆಂಗಿನ ಹಿಟ್ಟಿನ ಅಳತೆ, ನೀರು, ಹೊತ್ತು ಎಲ್ಲವೂ ಬೇರೆ.

ಹಿಟ್ಟಿನ ಮೂಲ

ತೆಂಗಿನ ಪುಡಿ ಎಂದು ಕೇಳಿದರೆ ಅಂಗಡಿಯಲ್ಲಿ ಬೇರೆ ಬೇರೆ ಎರಡು ಪದಾರ್ಥ ಕೊಡಬಹುದು. ಮೊದಲನೆಯದು ಡೆಸಿಕೇಟೆಡ್ ಕೋಕೋನಟ್, ಅಂದರೆ ಕಾಯಿಯ ತಿರುಳನ್ನು ತುರಿದು ಹಾಗೆಯೇ ಒಣಗಿಸಿದ್ದು. ತುಮಕೂರು, ತಿಪಟೂರು ಕಡೆಯ ಕಾರ್ಖಾನೆಗಳಲ್ಲಿ ತಯಾರಾಗುವುದು ಇದು. ಇದರ ತೂಕದಲ್ಲಿ ಶೇಕಡ 60ರಷ್ಟು ಇಲ್ಲವೆ ಅದಕ್ಕೂ ಹೆಚ್ಚು ಕೊಬ್ಬಿರುತ್ತದೆ. ಎರಡನೆಯದೇ ತೆಂಗಿನ ಹಿಟ್ಟು. ಕೊಬ್ಬನ್ನು ಹಿಂಡಿ ತೆಗೆದಿರುವುದರಿಂದ ಇದರಲ್ಲಿ ಉಳಿಯುವುದು ಸಾಮಾನ್ಯವಾಗಿ ಶೇಕಡ 10ರಿಂದ 15. ಡೆಸಿಕೇಟೆಡ್ ಪುಡಿಯನ್ನು ಮಿಕ್ಸಿಯಲ್ಲಿ ಎಷ್ಟು ಹೊತ್ತು ತಿರುಗಿಸಿದರೂ ಹಿಟ್ಟಾಗುವುದಿಲ್ಲ, ಎಣ್ಣೆ ಬಿಟ್ಟುಕೊಂಡು ಮುದ್ದೆಯಾಗುತ್ತದೆ. ಕೊಳ್ಳುವಾಗ ಪೊಟ್ಟಣದ ಹಿಂಬದಿಯಲ್ಲಿ ಕೊಬ್ಬಿನ ಪ್ರಮಾಣ ನೋಡಿಕೊಂಡರೆ ಯಾವುದು ಯಾವುದೆಂಬ ಗೊಂದಲ ಇರುವುದಿಲ್ಲ.

ಗಾಣದಲ್ಲಿ ಕೊಬ್ಬರಿ ಅರೆದಾಗ ಉಳಿಯುವ ಹಿಂಡಿ ಈ ಹಿಟ್ಟಿಗೆ ಹತ್ತಿರದ ನೆಂಟ. ಆದರೆ ಅದು ದನಗಳ ಪಾಲಿಗೆ ಹೋಗುವಂಥದು, ಮನುಷ್ಯರ ಆಹಾರಕ್ಕೆ ಬೇಕಾದ ಶುಚಿಯನ್ನು ಅಲ್ಲಿ ಪಾಲಿಸಿರುವುದಿಲ್ಲ. ತೆಂಗಿನ ಹಿಟ್ಟು ಹಸಿ ಕಾಯಿಯಿಂದ ಬರುತ್ತದೆ. ತೆಂಗಿನ ಹಾಲು ಮತ್ತು ವರ್ಜಿನ್ ತೆಂಗಿನೆಣ್ಣೆಯ ಉದ್ಯಮ ಬೆಳೆದ ಕಡೆಯೆಲ್ಲ ಹಿಂಡಿದ ತುರಿ ರಾಶಿಯಾಗಿ ಉಳಿಯತೊಡಗಿತು, ಅದಕ್ಕೊಂದು ಉಪಯೋಗ ಹುಡುಕುವ ಕೆಲಸ ಫಿಲಿಪ್ಪೀನ್ಸ್‌ನಲ್ಲಿ ಗಟ್ಟಿಯಾಗಿ ನಡೆಯಿತು. ಅಲ್ಲಿನ ಆಹಾರ ಮತ್ತು ಪೋಷಣೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಹಿಟ್ಟಿನ 100 ಗ್ರಾಂನಲ್ಲಿ ಸುಮಾರು 60 ಗ್ರಾಂ ನಾರು ಇರುವುದನ್ನು ಅಳೆದು ತೋರಿಸಿದರು. ಬೇಕರಿ ತಿನಿಸುಗಳಲ್ಲಿ ಅದರ ಪಾಲು ಹೆಚ್ಚಿದಂತೆ ಊಟದ ನಂತರ ರಕ್ತದ ಸಕ್ಕರೆ ಏರುವ ವೇಗ ತಗ್ಗುವುದನ್ನೂ ಕಂಡರು. ಮಾರುಕಟ್ಟೆಯಲ್ಲಿ ಸಿಗುವ ಹಿಟ್ಟಿನಲ್ಲಿ ನಾರು ಇದಕ್ಕಿಂತ ಕಡಿಮೆ ಇರುವುದುಂಟು. ಹಾಗಿದ್ದರೂ 3 ಗ್ರಾಂ ಕೂಡ ಮುಟ್ಟದ ಮೈದಾಕ್ಕೆ ಹೋಲಿಸಿದರೆ ಬಹಳ ದೊಡ್ಡ ಅಂತರ. ಅಮೆರಿಕದ ಬ್ರೂಸ್ ಫೈಫ್ 2005ರಲ್ಲಿ ತೆಂಗಿನ ಹಿಟ್ಟಿನ ಅಡುಗೆಗೆಂದೇ ಪುಸ್ತಕ ಬರೆದರು. ಅಲ್ಲಿಂದೀಚೆಗೆ ಅದು ಪಶ್ಚಿಮದ ಮನೆಗಳ ಅಡುಗೆಯಲ್ಲಿ ಬಳಕೆಗೆ ಬಂತು.

ತೆಂಗಿನ ಹಾಲು ತೆಗೆಯುವ ಮನೆಯಲ್ಲಿ ಈ ಹಿಟ್ಟಿಗೆ ದುಡ್ಡು ಕೊಡಬೇಕಾಗಿಲ್ಲ. ಕಾಯಿಯ ಕಂದು ಸಿಪ್ಪೆ ಹೆರೆದು, ತಿರುಳನ್ನು ಬಿಸಿನೀರಿನಲ್ಲಿ ರುಬ್ಬಿ, ಮೂರು ಸಲ ಬಟ್ಟೆಯಲ್ಲಿ ಹಿಂಡಬೇಕು. ಉಳಿದ ತುರಿಯನ್ನು ತಟ್ಟೆಯಲ್ಲಿ ತೆಳುವಾಗಿ ಹರಡಿ 70 ಡಿಗ್ರಿ ಓವನ್‌ನಲ್ಲೋ ಚುರುಕಾದ ಬಿಸಿಲಿನಲ್ಲೋ ಕೈಯಲ್ಲಿ ಹಿಸುಕಿದರೆ ಗರಗರ ಎನ್ನುವವರೆಗೆ ಒಣಗಿಸಿ, ಮಿಕ್ಸಿಗೆ ಹಾಕಿ ಜರಡಿ ಹಿಡಿದರೆ ಹಿಟ್ಟು ಸಿದ್ಧ. ಕಾರ್ಖಾನೆಯ ಹಿಟ್ಟಿಗಿಂತ ಇದು ಸ್ವಲ್ಪ ತರಿ, ಜಿಡ್ಡೂ ಹೆಚ್ಚು, ನೀರು ಹೀರುವುದು ಕಡಿಮೆ. ಪರಿಮಳದಲ್ಲಿ ಮಾತ್ರ ಕೊಂಡ ಹಿಟ್ಟು ಇದರ ಹತ್ತಿರ ಬರುವುದಿಲ್ಲ.

ಕಣಕ ಮತ್ತು ನೀರಿನ ಲೆಕ್ಕ

ಒಬ್ಬಟ್ಟಿನ ಕಣಕವನ್ನು ನಾದಿ, ಎಣ್ಣೆಯಲ್ಲಿ ನೆನೆಯಿಟ್ಟು, ಎಳೆದರೆ ಹರಿಯದೆ ಹಿಗ್ಗುತ್ತದಲ್ಲ, ಅದು ಗ್ಲುಟೆನ್‌ನ ಕೆಲಸ. ಗೋಧಿಯಲ್ಲಿರುವ ಗ್ಲಯಾಡಿನ್ ಮತ್ತು ಗ್ಲುಟೆನಿನ್ ಎಂಬ ಎರಡು ಬಗೆಯ ಪ್ರೋಟೀನುಗಳು ನೀರು ತಾಕಿದಾಗ ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಅಕ್ಕಿಯಲ್ಲಿ ಆ ಬಲೆ ಇಲ್ಲ. ಅದಕ್ಕೇ ರೊಟ್ಟಿಗೆ ಹಿಟ್ಟನ್ನು ಕುದಿಯುವ ನೀರಿನಲ್ಲಿ ಉಕ್ಕರಿಸುತ್ತೇವೆ. ಬಿಸಿಗೆ ಪಿಷ್ಟ ಉಬ್ಬಿ ಅಂಟಾಗಿ ಹಿಟ್ಟನ್ನು ಹಿಡಿಯುತ್ತದೆ. ರಾಗಿ ಮುದ್ದೆ ಮುದ್ದೆಯಾಗುವುದೂ ಹೀಗೆಯೇ. ತೆಂಗಿನ ಹಿಟ್ಟಿಗೆ ಈ ಎರಡು ದಾರಿಯೂ ಮುಚ್ಚಿದೆ. ಅದರಲ್ಲಿ ಗ್ಲುಟೆನ್ ಇಲ್ಲ, ಪಿಷ್ಟವೂ ಹೆಚ್ಚಿಲ್ಲ. ಎಷ್ಟು ನಾದಿದರೂ ಹದ ಬರುವುದಿಲ್ಲ, ಬಿಸಿನೀರು ಹಾಕಿದರೂ ಅಂಟು ಬರುವುದಿಲ್ಲ. ಇರುವುದು ಬಹುಪಾಲು ನಾರು, ಅದರ ಗುಣ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುವುದು.

ಇದನ್ನು ಕಣ್ಣಾರೆ ನೋಡಲು ಎರಡು ಬಟ್ಟಲು ಸಾಕು. ಒಂದರಲ್ಲಿ 30 ಗ್ರಾಂ ಮೈದಾ, ಇನ್ನೊಂದರಲ್ಲಿ 30 ಗ್ರಾಂ ತೆಂಗಿನ ಹಿಟ್ಟು ಹಾಕಿ, ಎರಡಕ್ಕೂ 30 ಮಿಲಿಲೀಟರ್ ನೀರು ಬೆರೆಸಬೇಕು. ಮೈದಾ ಕೈಗೆ ಅಂಟುವ ಸಡಿಲ ಮುದ್ದೆಯಾಗುತ್ತದೆ. ತೆಂಗಿನ ಹಿಟ್ಟು ಒದ್ದೆ ಮರಳಿನಂತೆ ಪುಡಿಪುಡಿಯಾಗಿಯೇ ಉಳಿಯುತ್ತದೆ. ಅದಕ್ಕೆ ಮತ್ತೆ 60 ಮಿಲಿಲೀಟರ್ ನೀರು ಸುರಿದರೆ ಮೊದಲು ಸಡಿಲವಾಗಿ ಕಾಣುತ್ತದೆ, ನೀರು ಜಾಸ್ತಿಯಾಯಿತೇನೋ ಎಂಬ ಅನುಮಾನವೂ ಬರುತ್ತದೆ. ಐದು ನಿಮಿಷ ಮುಚ್ಚಿಟ್ಟು ತೆಗೆದರೆ ಬಟ್ಟಲಿನಲ್ಲಿ ನೀರಿನ ಸುಳಿವೇ ಇರುವುದಿಲ್ಲ, ಚಮಚ ಆಡಿಸಲು ಬಲ ಹಾಕಬೇಕಾಗುತ್ತದೆ. ಈ ಐದು ನಿಮಿಷವೇ ತೆಂಗಿನ ಹಿಟ್ಟಿನ ಅಡುಗೆಯ ತಿರುಳು. ಕಲಸಿದ ಕೂಡಲೇ ತೆಳ್ಳಗಿದೆಯೆಂದು ಇನ್ನಷ್ಟು ಹಿಟ್ಟು ಉದುರಿಸುವವರ ಕುಕ್ಕಿ ಒಲೆಯಿಂದ ಬರುವಾಗ ಗಂಟಲಿಗೆ ಸಿಕ್ಕುವಷ್ಟು ಒಣಗಿರುತ್ತದೆ.

ಹಾಗಾಗಿ ಗೋಧಿಯ ಪಾಕವಿಧಾನವನ್ನು ಇದಕ್ಕೆ ಹೊಂದಿಸುವಾಗ ಒಂದು ಕಪ್ ಮೈದಾಕ್ಕೆ ಕಾಲು ಕಪ್ಪಿನಿಂದ ಮೂರನೇ ಒಂದು ಕಪ್ಪಿನವರೆಗೆ ತೆಂಗಿನ ಹಿಟ್ಟು ಸಾಕು. ಕಪ್ಪಿಗಿಂತ ತಕ್ಕಡಿಯನ್ನು ನಂಬುವುದು ಒಳ್ಳೆಯದು. ಈ ಹಿಟ್ಟು ಗಂಟುಗಟ್ಟುತ್ತದೆ, ಒತ್ತಿ ತುಂಬಿದ ಕಪ್ಪಿಗೂ ಜರಡಿ ಹಿಡಿದು ತುಂಬಿದ ಕಪ್ಪಿಗೂ ತೂಕ ಬೇರೆ. ಹಿಡಿದು ನಿಲ್ಲಿಸುವ ಕೆಲಸ ಮೊಟ್ಟೆಯದು. ಅದರ ಮುಕ್ಕಾಲು ಪಾಲು ನೀರು, ಉಳಿದದ್ದರಲ್ಲಿ ಬಿಸಿಗೆ ಗಟ್ಟಿಯಾಗುವ ಪ್ರೋಟೀನು. ಹೀಗಾಗಿ ನಾರಿಗೆ ಬೇಕಾದ ನೀರನ್ನೂ ಕುಕ್ಕಿಗೆ ಬೇಕಾದ ಕಟ್ಟನ್ನೂ ಒಟ್ಟಿಗೆ ಒದಗಿಸುತ್ತದೆ. ತೆಂಗಿನ ಹಿಟ್ಟಿನ ತಿಂಡಿಗಳಿಗೆ ಇಷ್ಟೊಂದು ಮೊಟ್ಟೆ ಏಕೆ ಎಂಬ ಪ್ರಶ್ನೆಗೆ ಉತ್ತರ ಇದೇ.

ಮಾಡುವ ಕ್ರಮ

ಸುಮಾರು ಹನ್ನೆರಡು ಕುಕ್ಕಿಗೆ 60 ಗ್ರಾಂ ತೆಂಗಿನ ಹಿಟ್ಟು, 60 ಗ್ರಾಂ ಕರಗಿಸಿದ ಬೆಣ್ಣೆ ಅಥವಾ ತೆಂಗಿನೆಣ್ಣೆ, 80 ಗ್ರಾಂ ಬೆಲ್ಲದ ಪುಡಿ, ಎರಡು ಮೊಟ್ಟೆ, ಕಾಲು ಟೀ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, ನಾಲ್ಕು ಏಲಕ್ಕಿಯ ಪುಡಿ ಬೇಕು. ಮೊಟ್ಟೆ ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದಾಗಿರಬಾರದು, ತಣ್ಣಗಿದ್ದರೆ ತೆಂಗಿನೆಣ್ಣೆ ಅದನ್ನು ಮುಟ್ಟಿದೊಡನೆ ಹೆಪ್ಪುಗಟ್ಟಿ ಬಿಳಿ ಬಿಳಿ ಹರಳಾಗಿ ನಿಲ್ಲುತ್ತದೆ. ಬೆಣ್ಣೆ, ಬೆಲ್ಲ, ಮೊಟ್ಟೆಗಳನ್ನು ಒಂದಾಗುವಂತೆ ಕಡೆದು, ಜರಡಿ ಹಿಡಿದ ಹಿಟ್ಟು, ಸೋಡಾ, ಉಪ್ಪು, ಏಲಕ್ಕಿ ಪುಡಿಗಳನ್ನು ಸೇರಿಸಿ ಗಂಟಿಲ್ಲದಂತೆ ಕಲಸಿ, ಹತ್ತು ನಿಮಿಷ ಮುಟ್ಟದೆ ಬಿಡಬೇಕು. ಆ ಬಳಿಕ ಚಕ್ಕುಲಿ ಹಿಟ್ಟಿಗಿಂತ ಮೆದುವಾಗಿ, ಉಂಡೆ ಕಟ್ಟಲು ಬರುವ ಹದದಲ್ಲಿದ್ದರೆ ಸರಿ. ಉಂಡೆಯ ಅಂಚು ಬಿರುಕು ಬಿಟ್ಟರೆ ಒಂದೊಂದೇ ಚಮಚ ಹಾಲು ಬೆರೆಸಿ ಸರಿಪಡಿಸಬಹುದು.

ಮೈದಾ ಕುಕ್ಕಿಯ ಉಂಡೆ ಬಿಸಿಗೆ ತಾನಾಗಿ ಹರಡಿ ಚಪ್ಪಟೆಯಾಗುತ್ತದೆ. ಇದು ಹರಡುವುದೇ ಇಲ್ಲ. ನಾರು ಬೆಣ್ಣೆಯನ್ನೂ ನೀರನ್ನೂ ಬಿಗಿಯಾಗಿ ಹಿಡಿದಿರುತ್ತದೆ, ಉಂಡೆ ಇಟ್ಟರೆ ಉಂಡೆಯಾಗಿಯೇ ಬೆಂದು ಹೊರಬರುತ್ತದೆ. ಆದ್ದರಿಂದ ಬಟರ್ ಪೇಪರ್ ಹಾಸಿದ ಟ್ರೇಯ ಮೇಲೆ ಇಟ್ಟು ಅಂಗೈಯಿಂದ ಬೇಕಾದ ಆಕಾರಕ್ಕೆ, ಹೆಚ್ಚೂ ಕಡಿಮೆ ಒಂದು ಸೆಂಟಿಮೀಟರ್ ದಪ್ಪಕ್ಕೆ ಮೊದಲೇ ತಟ್ಟಬೇಕು. ಮೊದಲೇ ಕಾಯಿಸಿದ ಓವನ್‌ನಲ್ಲಿ 175 ಡಿಗ್ರಿಯಲ್ಲಿ 12ರಿಂದ 14 ನಿಮಿಷ. ತೆಂಗಿನ ಸ್ವಂತ ಸಕ್ಕರೆಯ ಜೊತೆಗೆ ಬೆಲ್ಲವೂ ಇರುವುದರಿಂದ ಅಂಚು ಬೇಗ ಕಂದಾಗುತ್ತದೆ, ಹತ್ತನೆಯ ನಿಮಿಷದಿಂದ ಕಣ್ಣಿಟ್ಟಿರಬೇಕು. ಹೊರತೆಗೆದಾಗ ಮುಟ್ಟಿದರೆ ತಗ್ಗು ಬೀಳುವಷ್ಟು ಮೆತ್ತಗಿರುತ್ತದೆ. ಬೆಂದಿಲ್ಲವೆಂದು ಮತ್ತೆ ಒಳಗಿಡುವುದು ಬೇಡ. ಟ್ರೇಯಲ್ಲೇ ಕಾಲು ಗಂಟೆ ಆರಿದರೆ ಗಟ್ಟಿಯಾಗುತ್ತದೆ, ಬಿಸಿಯಲ್ಲೇ ಎತ್ತಿದರೆ ಮುರಿಯುತ್ತದೆ.

ಹೀಗೆ ಮಾಡಿದ ಕುಕ್ಕಿ ಹೊರಗೆ ತುಸು ಗರಿ, ಒಳಗೆ ಕೇಕಿನಂತೆ ಮೃದು. ಪೂರ್ತಿ ಗರಿಗರಿ ಬೇಕೆನ್ನುವವರು ಹಿಟ್ಟಿನಲ್ಲಿ ಅರ್ಧ ಪಾಲು ಅಕ್ಕಿ ಹಿಟ್ಟು ಅಥವಾ ಬಾದಾಮಿ ಪುಡಿ ಸೇರಿಸಿ ಒಂದು ಮೊಟ್ಟೆ ಕಡಿಮೆ ಮಾಡಬೇಕು. ಮೊಟ್ಟೆಯೇ ಬೇಡವೆಂದಾದರೆ ಬರೀ ತೆಂಗಿನ ಹಿಟ್ಟಿನಿಂದ ಒಳ್ಳೆಯ ಫಲ ಸಿಗುವುದು ಕಷ್ಟ, ಅದನ್ನು ಮುಚ್ಚಿಟ್ಟು ಹೇಳುವುದು ತಪ್ಪಾಗುತ್ತದೆ. ಅರ್ಧ ಅಕ್ಕಿ ಹಿಟ್ಟಿನ ಮಿಶ್ರಣಕ್ಕೆ ಒಂದು ಟೀ ಚಮಚ ಇಸಬಗೋಲಿನ ಪುಡಿಯನ್ನು ಹಾಲಿನಲ್ಲಿ ನೆನೆಸಿ ಸೇರಿಸಿದರೆ ಕಟ್ಟು ಬರುತ್ತದೆ. ಇಸಬಗೋಲಿನ ಲೋಳೆ ಗ್ಲುಟೆನ್‌ನ ಕೆಲಸದಲ್ಲಿ ಒಂದಿಷ್ಟನ್ನಾದರೂ ಮಾಡುತ್ತದೆ. ಅಗಸೆ ಬೀಜದ ಪುಡಿಯಿಂದಲೂ ಆಗುತ್ತದೆ, ಬಣ್ಣ ಮಾತ್ರ ಕಪ್ಪಾಗುತ್ತದೆ.

ಗ್ಲುಟೆನ್ ಇಲ್ಲ ಎಂಬ ಮಾತಿನ ತೂಕ

ಸೀಲಿಯಾಕ್ ಕಾಯಿಲೆಯಲ್ಲಿ ಗ್ಲುಟೆನ್ ಕರುಳಿಗೆ ಹೋದೊಡನೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಗೋಧಿಯ ಪಾತ್ರವನ್ನು ಗುರುತಿಸಿದವರು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಕರೆಲ್ ಡಿಕ್. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, 1944–45ರಲ್ಲಿ, ಅಲ್ಲಿ ರೊಟ್ಟಿ ಸಿಗದೆ ಜನ ಟುಲಿಪ್ ಗಡ್ಡೆ ತಿಂದು ಬದುಕಿದರು. ಊರೆಲ್ಲ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು, ರೊಟ್ಟಿ ಮರಳಿದಾಗ ಮತ್ತೆ ಬಿದ್ದರು. ಡಿಕ್ ಅವರಿಗೆ ಮೊದಲೇ ಇದ್ದ ಅನುಮಾನ ಇದರಿಂದ ಬಲವಾಯಿತು, 1950ರಲ್ಲಿ ತಮ್ಮ ಪ್ರಬಂಧದಲ್ಲಿ ಅದನ್ನು ಮಂಡಿಸಿದರು. ಇಂದಿಗೂ ಇದಕ್ಕೆ ಮದ್ದೆಂದರೆ ಜೀವನಪರ್ಯಂತ ಗ್ಲುಟೆನ್ ಬಿಡುವುದೊಂದೇ.

ಭಾರತದ ಮೂರು ಭಾಗಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಈ ಕಾಯಿಲೆ ಉತ್ತರದಲ್ಲಿ ಶೇಕಡ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10 ಜನರಲ್ಲಿ ಕಂಡಿತು. ಕಾಯಿಲೆಗೆ ಬೇಕಾದ ಆನುವಂಶಿಕ ಗುಣ ದಕ್ಷಿಣದವರಲ್ಲೂ ಇದೆ, ತಿನ್ನುವ ಗೋಧಿಯ ಪ್ರಮಾಣ ಕಡಿಮೆ. ಅಕ್ಕಿ, ರಾಗಿ, ಜೋಳದ ಊಟ ನಮ್ಮನ್ನು ಅಷ್ಟರಮಟ್ಟಿಗೆ ಕಾದಿರಬೇಕು.

ಅಂತರರಾಷ್ಟ್ರೀಯ ಆಹಾರ ಸಂಹಿತೆಯೂ ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವೂ ಗ್ಲುಟೆನ್ ಕಿಲೋಗೆ 20 ಮಿಲಿಗ್ರಾಂ ಮೀರದಿದ್ದರೆ ಮಾತ್ರ ಗ್ಲುಟೆನ್ ರಹಿತ ಎನ್ನಲು ಒಪ್ಪುತ್ತವೆ. ಆಸ್ಟ್ರೇಲಿಯದಲ್ಲಿ ನಿಯಮ ಇನ್ನೂ ಬಿಗಿ, ಪರೀಕ್ಷೆಯಲ್ಲಿ ಗ್ಲುಟೆನ್ ಪತ್ತೆಯೇ ಆಗಕೂಡದು. 20 ಮಿಲಿಗ್ರಾಂ ಎಂದರೆ ಎಷ್ಟು ಸಣ್ಣದೆಂದು ತಿಳಿಯಲು ಬೀದಿಯ ಹಿಟ್ಟಿನ ಗಿರಣಿಯನ್ನು ನೆನೆದರೆ ಸಾಕು. ನಮಗಿಂತ ಮೊದಲು ಬಂದವರು ಗೋಧಿ ಬೀಸಿಸಿಕೊಂಡು ಹೋಗಿರುತ್ತಾರೆ, ಅದೇ ಕಲ್ಲಿಗೆ ನಮ್ಮ ಅಕ್ಕಿ ಬೀಳುತ್ತದೆ, ಮೊದಲ ಎರಡು ಹಿಡಿ ಹಿಟ್ಟು ಯಾರದೋ ಗೋಧಿಯ ಕಂದು ಬಣ್ಣ ಹೊತ್ತು ಬರುತ್ತದೆ. ಆರೋಗ್ಯವಂತರಿಗೆ ಅದು ಲೆಕ್ಕಕ್ಕಿಲ್ಲ, ಸೀಲಿಯಾಕ್ ಇರುವ ಮಗುವಿಗೆ ಅದೇ ಕುತ್ತು. ಕುಕ್ಕಿಗೆ ಸೇರಿಸುವ ಅಕ್ಕಿ ಹಿಟ್ಟನ್ನು ಮನೆಯ ಮಿಕ್ಸಿಯಲ್ಲೇ ಮಾಡಿಕೊಳ್ಳಬೇಕು. ಜರಡಿ ಪ್ರತ್ಯೇಕವಾಗಿರಬೇಕು, ಏಕೆಂದರೆ ಅದರ ಕಣ್ಣುಗಳಲ್ಲಿ ಸಿಕ್ಕಿಕೊಂಡ ಮೈದಾ ತೊಳೆದರೂ ಪೂರ್ತಿ ಹೋಗುವುದಿಲ್ಲ. ಚಪಾತಿಗೆ ಹಿಟ್ಟು ಉದುರಿಸಿದ ಕಟ್ಟೆಯ ಮೇಲೆ ಕಲಸಕೂಡದು. ಓಟ್ಸ್ ಸೇರಿಸುವುದಾದರೆ ಗ್ಲುಟೆನ್ ರಹಿತ ಎಂದು ಮುದ್ರಿಸಿದ್ದನ್ನೇ ಕೊಳ್ಳಬೇಕು.

ತೆಂಗಿನ ರುಚಿಯ ಎಲ್ಲ ಬಿಸ್ಕತ್ತನ್ನೂ ಈ ಗುಂಪಿಗೆ ಸೇರಿಸುವಂತಿಲ್ಲ. ಬೇಕರಿಗಳ ಕೊಬ್ಬರಿ ಬಿಸ್ಕತ್ತಿನ ಮೈ ಮೈದಾದ್ದು, ಗೋವದ ಬೊಲಿನ್ಹಾಸ್‌ಗೆ ಗೋಧಿ ರವೆ ಹಾಕುತ್ತಾರೆ. ಮೊಟ್ಟೆಯ ಬಿಳಿ, ಸಕ್ಕರೆ, ತೆಂಗಿನ ತುರಿಯಿಂದ ಮಾಡುವ ಮ್ಯಾಕರೂನಿಗೆ ಹಿಟ್ಟೇ ಬೇಕಾಗಿಲ್ಲ. ಯಹೂದಿಗಳು ಪಾಸೋವರ್ ಹಬ್ಬದಲ್ಲಿ ಇದನ್ನು ತಿನ್ನುವ ರೂಢಿ ಬಂದದ್ದೂ ಇದಕ್ಕೇ.

ಕಾಪಿಡುವುದು

ತೆಂಗಿನ ಕೊಬ್ಬಿನಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ. ಹಿಟ್ಟಿಗೆ ತೇವ ಸೇರಿದರೆ ಅದು ಕೊಬ್ಬಿನಿಂದ ಬಿಡಿಸಿಕೊಂಡು ಸೋಪಿನಂಥ ರುಚಿ ಕೊಡುತ್ತದೆ, ಹಾಗಾದ ಹಿಟ್ಟನ್ನು ಹುರಿದು ಉಳಿಸಿಕೊಳ್ಳಲು ಬರುವುದಿಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ತಂಪಾದ ಕಡೆ ಇಟ್ಟು, ಒಣ ಚಮಚದಿಂದ ತೆಗೆಯಬೇಕು. ಕುಕ್ಕಿಯೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಎರಡನೇ ದಿನಕ್ಕೇ ಮೆತ್ತಗಾದರೆ 150 ಡಿಗ್ರಿಯಲ್ಲಿ ಐದು ನಿಮಿಷ ಬಿಸಿಮಾಡಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿದರೆ ಅಂಚಿನ ಗರಿ ಮರಳುತ್ತದೆ.