ಘಟ್ಟದ ಮೇಲಿನ ವಿಜ್ಞಾನ ಕಥೆ

ಕಥೆಯನ್ನೋದಿ ಯಾರಾದರೂ ಯಂತ್ರ ಕಟ್ಟಿದ್ದುಂಟೆ ಎಂದು ಕೇಳುವವರಿಗೆ ರಾಬರ್ಟ್ ಗೊಡಾರ್ಡನ ಬಾಳೇ ಉತ್ತರ. ಮಂಗಳ ಗ್ರಹದವರು ಭೂಮಿಯ ಮೇಲೆ ದಂಡೆತ್ತಿ ಬರುವ ಎಚ್. ಜಿ. ವೆಲ್ಸನ ಕಾದಂಬರಿ 1898ರಲ್ಲಿ ಪುಸ್ತಕವಾಗಿ ಬಂತು. ಈ ಅಮೆರಿಕನ್ ಹುಡುಗ ಅದನ್ನು ಓದಿ ಮನಸೋತಿದ್ದ. 1899ರ ಅಕ್ಟೋಬರಿನಲ್ಲೊಂದು ದಿನ ಒಣಗಿದ ರೆಂಬೆ ಕಡಿಯಲೆಂದು ಚೆರಿ ಮರ ಹತ್ತಿದವನಿಗೆ, ಮಂಗಳದವರೆಗೂ ಏರಬಲ್ಲ ಯಂತ್ರವೊಂದನ್ನು ಕಟ್ಟಿದರೆ ಹೇಗೆ ಎಂಬ ಯೋಚನೆ ಬಂತು. 1926ರ ಮಾರ್ಚ್ 16ರಂದು ಜಗತ್ತಿನ ಮೊದಲ ದ್ರವ ಇಂಧನದ ರಾಕೆಟ್ಟನ್ನು ಹಾರಿಸಿದವನು ಅವನೇ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ನಮ್ಮ ಹುಡುಗರು ಹತ್ತಿದ್ದು ಚೆರಿ ಮರವನ್ನಲ್ಲ, ಅಡಿಕೆ ಮರವನ್ನು. ಅದರ ತುದಿಯಲ್ಲಿ ಕುಳಿತು ಮಂಗಳದ ಕನಸು ಕಾಣುವಷ್ಟು ಎಡೆಯಿಲ್ಲ. ಆದರೂ ಘಟ್ಟದ ಮೇಲಿನ ಈ ಮೂರು ತಾಲೂಕುಗಳಲ್ಲಿ ಓದಿಗೂ ಕೈಕೆಲಸಕ್ಕೂ ಬೆಳೆದ ನಂಟಿಗೆ ತನ್ನದೇ ಆದ ಚರಿತ್ರೆಯಿದೆ. ಸಾಹಿತ್ಯ ಚರಿತ್ರೆ ಪಾಠ ಹೇಳುವ ನಮ್ಮಂಥವರು ಅತ್ತ ಕಣ್ಣು ಹಾಯಿಸಿದ್ದು ಕಡಮೆ.

ಕನ್ನಡದ ಮಕ್ಕಳಿಗೆ ಲೋಕದ ಯಂತ್ರತಂತ್ರಗಳ ಬಾಗಿಲು ತೆರೆದವರಲ್ಲಿ ಶಿವರಾಮ ಕಾರಂತರು ಮೊದಲಿಗರು. ಮೂರು ಸಂಪುಟಗಳ ‘ಬಾಲ ಪ್ರಪಂಚ’, ಆ ಬಳಿಕ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’, ಇವನ್ನು ಒಬ್ಬರೇ ಬರೆದರೆಂಬುದೇ ಒಂದು ಅದ್ಭುತ. ಕಥೆಯ ದಾರಿಯಲ್ಲಿ ಮುಂದೆ ನಡೆದವರು ರಾಜಶೇಖರ ಭೂಸನೂರಮಠರು. 1993ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ಭಾರತೀಯ ಭಾಷೆಗಳ ವಿಜ್ಞಾನ ಕಥೆಗಳನ್ನು ಇಂಗ್ಲಿಷಿನಲ್ಲಿ ಒಟ್ಟುಗೂಡಿಸಿದಾಗ, ಕನ್ನಡದ ಪರವಾಗಿ ಅವರ ಕಥೆಯೂ ಸಂಜಯ ಹಾವನೂರರ ಕಥೆಯೂ ಸೇರಿದವು. ಇನ್ನು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ (1980) ವಿಜ್ಞಾನ ಕಥೆಯೆ, ಅಲ್ಲವೆ ಎಂದು ವಿದ್ವಾಂಸರು ವಾದಿಸಲಿ. ತೋಟದ ಹುಡುಗನಿಗೆ ಆ ವಾದ ಬೇಕಿಲ್ಲ. ಪುಸ್ತಕ ಮುಚ್ಚಿಟ್ಟು ಅಂಗಳ ದಾಟಿದರೆ, ಅದೇ ಹಾರುವ ಓತಿ ಒಂದು ಅಡಿಕೆ ಮರದಿಂದ ಇನ್ನೊಂದಕ್ಕೆ ತೇಲುವುದು ಅವನ ಕಣ್ಣಿಗೇ ಬೀಳುತ್ತದೆ. ಕಥೆಯ ಅದ್ಭುತ ಮನೆಯ ಹಿತ್ತಲಲ್ಲೇ ಇರುವಾಗ ಅದನ್ನು ಕಟ್ಟುಕಥೆಯೆಂದು ತಳ್ಳಿಹಾಕುವುದು ಹೇಗೆ?

ನಾನು ಬೆಳೆದದ್ದು ಈ ಓದಿನಲ್ಲಿ. ಶಾಲೆಗೆ ಅಂಚೆಯಲ್ಲಿ ಬರುತ್ತಿದ್ದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಪತ್ರಿಕೆ ಹತ್ತು ಕೈ ದಾಟಿ ನನ್ನ ಕೈ ಸೇರುವಾಗ ಅದರ ಹೊದಿಕೆ ಹರಿದಿರುತ್ತಿತ್ತು. ಹೈಸ್ಕೂಲಿನ ದಿನಗಳಲ್ಲಿ ಒಂದೇ ಟ್ರಾನ್ಸಿಸ್ಟರಿನ ರೇಡಿಯೋ ಕಟ್ಟಿದೆ. ತಾಮ್ರದ ತಂತಿಯ ಸುರುಳಿ, ಒಂದು ಗ್ಯಾಂಗ್ ಕಂಡೆನ್ಸರ್, ಕಿವಿಗಿಡುವ ಚಿಕ್ಕ ಇಯರ್‌ಫೋನು. ಏರಿಯಲ್ ಎಂದರೆ ಎರಡು ಅಡಿಕೆ ಮರಗಳ ನಡುವೆ ಬಿಗಿದ ತಂತಿ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ದನಿ ಅದರಲ್ಲಿ ಸಣ್ಣಗೆ ಕೇಳಿದಾಗ ಅಪ್ಪಯ್ಯ, “ಇದಕ್ಕೆ ಪೆಟ್ಟಿಗೆ ಬೇಡವೇನೋ?” ಎಂದಷ್ಟೇ ಕೇಳಿದರು. ಆಯಿ ಮಾತ್ರ ಇಯರ್‌ಫೋನು ಕಿವಿಗಿಟ್ಟು ವಾರ್ತೆ ಮುಗಿಯುವವರೆಗೂ ಕದಲಲಿಲ್ಲ. ಆ ಹವ್ಯಾಸ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಹಳಗನ್ನಡದ ಟಿಪ್ಪಣಿಗಳ ಪಕ್ಕದಲ್ಲೇ ಬೆಸುಗೆ ಕಡ್ಡಿ ಇರುತ್ತದೆ.

ಇದು ಹುಡುಗಾಟವಷ್ಟೇ ಆಗಿ ನಿಲ್ಲಲಿಲ್ಲ ಎಂಬುದು ನಮ್ಮ ಸೀಮೆಯ ಹೆಚ್ಚಳ. ಸಿದ್ದಾಪುರದ ಗಡಿಗೆ ತಾಗಿದ ಜೋಗದಲ್ಲಿ 1948ರಲ್ಲೇ ವಿದ್ಯುತ್ತು ಹುಟ್ಟಿತು. ಕಾಡಿನೊಳಗಿನ ಎಷ್ಟೋ ಒಂಟಿ ಮನೆಗಳಿಗೆ ಅದು ಬಂದದ್ದು ಬಹು ತಡವಾಗಿ. ಅಂಥ ಕಡೆ ಕೆಲವರು ತಾವೇ ದಾರಿ ಹುಡುಕಿದರು. ಗುಡ್ಡದ ನೀರನ್ನು ದಬ್ಬೆಯಲ್ಲಿ ಅಂಗಳಕ್ಕೆ ತರುವುದು ಹಿರಿಯರ ವಿದ್ಯೆ. ಅದೇ ನೀರನ್ನು ಪೈಪಿನಲ್ಲಿಳಿಸಿ, ಬಟ್ಟಲುಗಳಿರುವ ಗಾಲಿಗೆ ಹಾಯಿಸಿದರೆ ವಿದ್ಯುತ್ತು. ಕ್ಯಾಲಿಫೋರ್ನಿಯದ ಲೆಸ್ಟರ್ ಪೆಲ್ಟನ್ 1880ರಲ್ಲಿ ಪೇಟೆಂಟ್ ಪಡೆದ ಗಾಲಿಯ ತತ್ತ್ವವೇ ಇದು. ಸೆಕೆಂಡಿಗೆ 5 ಲೀಟರ್ ನೀರು 20 ಮೀಟರ್ ಇಳಿದರೆ ಲೆಕ್ಕಕ್ಕೆ ಸುಮಾರು 1,000 ವಾಟ್. ಅರ್ಧ ಸೋರಿಹೋದರೂ ಮನೆ ಬೆಳಗಲು ಸಾಕು. ಮಳೆಗಾಲ ಮುಗಿದು ಹಳ್ಳ ಬತ್ತುವವರೆಗೆ ಗಾಲಿ ತಿರುಗುತ್ತದೆ.

ಯಂತ್ರವನ್ನು ಹೀಗೆ ಒಳಹೊಕ್ಕು ಬಲ್ಲವರು ಅದಕ್ಕೆ ಬೆರಗಾಗಿ ಕೈಮುಗಿದು ನಿಲ್ಲುವುದಿಲ್ಲ. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟುವ ಯೋಜನೆಯಿಂದ ತೋಟ, ಕಾಡುಗಳ ಮುಳುಗಡೆಯ ಭಯ ಹುಟ್ಟಿದಾಗ, ಇಲ್ಲಿಯವರು ಬರಿಯ ಘೋಷಣೆಗೆ ತೃಪ್ತರಾಗಲಿಲ್ಲ. 1981ರ ಜನವರಿಯಲ್ಲಿ ಶಿರಸಿಯಲ್ಲಿ ವಿಚಾರ ಸಂಕಿರಣ ನಡೆಸಿ, ತಜ್ಞರನ್ನು ಕೂರಿಸಿ ಲಾಭ ನಷ್ಟದ ಲೆಕ್ಕ ಕೇಳಿದರು. ಆ ಯೋಜನೆಯನ್ನು ಆಗ ಕೈಬಿಡಲಾಯಿತು. ಯಲ್ಲಾಪುರದ ನೆರೆಯ ಕೈಗಾದಲ್ಲಿ ಅಣುಸ್ಥಾವರದ ಮಾತು ಬಂದಾಗಲೂ ಇದೇ ಪ್ರಶ್ನೆ ಎದ್ದಿತು. ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ಕಾರಂತರೇ ಅದನ್ನು ವಿರೋಧಿಸಿ 1989ರಲ್ಲಿ ಲೋಕಸಭಾ ಚುನಾವಣೆಗೆ ನಿಂತರು. 1994ರಲ್ಲಿ, ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಒಳಭಾಗ ಕುಸಿಯಿತು. ಅಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾದದ್ದು 2000ದ ಹೊತ್ತಿಗೆ. 2018ರಲ್ಲಿ ಅದೇ ಸ್ಥಾವರದ ಒಂದು ಘಟಕ ಎಡೆಬಿಡದೆ 962 ದಿನ ನಡೆದು ಜಗತ್ತಿನ ದಾಖಲೆ ಮಾಡಿತು. ಎರಡನ್ನೂ ಮರೆಯದೆ ಹೇಳಬೇಕಾದುದು ಚರಿತ್ರೆಯ ಧರ್ಮ. ಶಿರಸಿ ಸೀಮೆಯವರೇ ಆದ ನಾಗೇಶ ಹೆಗಡೆಯವರು ‘ಇರುವುದೊಂದೇ ಭೂಮಿ’ ಎಂದು ಪುಸ್ತಕಕ್ಕೆ ಹೆಸರಿಟ್ಟುದು ಈ ಹಿನ್ನೆಲೆಯಲ್ಲಿ ಎಷ್ಟು ಒಪ್ಪುತ್ತದೆ!

ಇಷ್ಟೆಲ್ಲ ಸಾಧ್ಯವಾದುದರ ಬುಡದಲ್ಲಿ ಕನ್ನಡವಿದೆ ಎಂಬುದು ನನ್ನ ನಂಬಿಕೆ. ಯಂತ್ರದ ಮಾತು ಮನೆಯ ಮಾತಿನಲ್ಲಿ ಬಂದುದರಿಂದಲೇ ಅದನ್ನು ಬಿಚ್ಚಿ ನೋಡುವ ಸಲಿಗೆ ನಮಗೆ ಬಂತು. ಬಿಚ್ಚಿ ನೋಡಿದವರಿಗೆ ಪ್ರಶ್ನೆ ಕೇಳುವ ಧೈರ್ಯವೂ ಬಂತು. 1998ರಲ್ಲಿ ‘ಬರಹ’ ತಂತ್ರಾಂಶ ಬಂದ ಮೇಲೆ ಕನ್ನಡವನ್ನೇ ಯಂತ್ರದೊಳಗೆ ಕೂರಿಸುವುದು ನನ್ನಂಥವರಿಗೆ ಹೊಸ ಹವ್ಯಾಸವಾಯಿತು. ಇಂದು ನನ್ನ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲೂ ಗೊಡಾರ್ಡನು ಕಂಡರಿಯದ ಯಂತ್ರವಿದೆ. ಆದರೆ ಅದರ ಬೆನ್ನು ಬಿಚ್ಚುವ ಆಸೆ ಅವರಿಗಿಲ್ಲ, ಬಿಚ್ಚಲು ಅದು ಬಿಡುವುದೂ ಇಲ್ಲ. ಓದಿ ದೊಡ್ಡವರಾದವರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಹಳ್ಳದ ಗಾಲಿಯ ಸವೆದ ಬಟ್ಟಲು ಬದಲಿಸಲು ಊರಿನಲ್ಲಿ ಉಳಿದವರು ಎಪ್ಪತ್ತು ದಾಟಿದವರು. ಅವರಿಂದ ಆ ಕೆಲಸ ಕಲಿಯಲು ಒಬ್ಬ ಹುಡುಗನನ್ನಾದರೂ ಕಳಿಸುವ ಕಥೆಯೊಂದನ್ನು ಕನ್ನಡದಲ್ಲಿ ಈಗ ಯಾರಾದರೂ ಬರೆಯಬೇಕು.